ಹೆರ್ಡರ್‌ನ ಇತಿಹಾಸ ದರ್ಶನ

ಗತಕಾಲವನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು? ಹದಿನೆಂಟನೆಯ ಶತಮಾನದ ಯುರೋಪಿನ ಅನೇಕ ಚಿಂತಕರಿಗೆ ಉತ್ತರ ಸುಲಭವಾಗಿತ್ತು: ತಮ್ಮ ಕಾಲದ ವಿವೇಕವೇ ಅಳತೆಗೋಲು, ಹಿಂದಿನದೆಲ್ಲ ಅದರತ್ತ ಏರಿಬಂದ ಮೆಟ್ಟಿಲುಗಳು. ಈ ನಂಬಿಕೆಯನ್ನು ಬುಡಸಹಿತ ಪ್ರಶ್ನಿಸಿದವನು ಜರ್ಮನ್ ತತ್ತ್ವಜ್ಞಾನಿ ಯೋಹಾನ್ ಗಾಟ್‌ಫ್ರೀಡ್ ಹೆರ್ಡರ್.

ಹೆರ್ಡರ್ 1744ರ ಆಗಸ್ಟ್ 25ರಂದು ಪೂರ್ವ ಪ್ರಷ್ಯದ ಮೋರುಂಗೆನ್ ಎಂಬ ಸಣ್ಣ ಊರಿನಲ್ಲಿ ಶಾಲಾ ಉಪಾಧ್ಯಾಯನ ಮಗನಾಗಿ ಜನಿಸಿದನು. ಕೋನಿಗ್ಸ್‌ಬರ್ಗ್‌ನಲ್ಲಿ ಕಾಂಟನ ಶಿಷ್ಯನಾಗಿ ಕಲಿತು, 1764ರಲ್ಲಿ ರೀಗಾ ನಗರಕ್ಕೆ ಶಿಕ್ಷಕನಾಗಿ ಹೋದನು. ಅಲ್ಲಿ ಸಿರಿವಂತರ ನುಡಿ ಜರ್ಮನ್; ಸುತ್ತಲಿನ ಜೀತದ ರೈತರ ನುಡಿ ಲಾಟ್ವಿಯನ್. 1770ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ತರುಣ ಗಯಟೆಯ ಪರಿಚಯವಾಯಿತು. ಗಯಟೆಯ ನೆರವಿನಿಂದಲೇ 1776ರಲ್ಲಿ ವೈಮಾರಿನಲ್ಲಿ ಚರ್ಚಿನ ಉನ್ನತಾಧಿಕಾರಿಯಾಗಿ, 1803ರಲ್ಲಿ ನಿಧನ ಹೊಂದುವವರೆಗೂ ಅಲ್ಲಿಯೇ ನೆಲೆಸಿದನು.

ಅವನ ಚಿಂತನೆಯ ಬೇರು ಭಾಷೆಯಲ್ಲಿದೆ. ಬರ್ಲಿನ್ ಅಕಾಡೆಮಿಯ ಬಹುಮಾನ ಪಡೆದು 1772ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ, ಭಾಷೆಯು ದೇವರು ಸಿದ್ಧಪಡಿಸಿ ಕೊಟ್ಟ ವಸ್ತುವಲ್ಲವೆಂದು ಅವನು ವಾದಿಸಿದನು. ಕುರಿಯನ್ನು ಕಂಡ ಮನುಷ್ಯನು ಅದರ ಅರಚುವಿಕೆಯನ್ನು ಗುರುತಾಗಿ ಮನಸ್ಸಿನಲ್ಲಿ ಹಿಡಿಯುತ್ತಾನೆ. ಆ ಗುರುತೇ ಮೊದಲ ಪದ. ಆಲೋಚನೆ, ಭಾಷೆಗಳು ಒಟ್ಟಿಗೇ ಹುಟ್ಟುವುದಾದರೆ, ಪ್ರತಿಯೊಂದು ನುಡಿಯೂ ಲೋಕವನ್ನು ಕಾಣುವ ಒಂದು ಬಗೆಯಾಗುತ್ತದೆ.

1774ರಲ್ಲಿ ಪ್ರಕಟವಾದ ಇತಿಹಾಸ ತತ್ತ್ವದ ಕಿರುಗ್ರಂಥದಲ್ಲಿ ಇದೇ ನೋಟವು ಗತಕಾಲದತ್ತ ಹೊರಳಿತು. ಕಲಾ ಇತಿಹಾಸಕಾರ ವಿಂಕೆಲ್‌ಮನ್ ಈಜಿಪ್ಟಿನ ಶಿಲ್ಪವನ್ನು ಗ್ರೀಕರ ಮಾನದಂಡದಿಂದ ಅಳೆದುದನ್ನು ಹೆರ್ಡರ್ ಆಕ್ಷೇಪಿಸಿದನು. ಅವನೂ ನಾಗರಿಕತೆಗಳನ್ನು ಬಾಲ್ಯ, ಯೌವನಗಳಿಗೆ ಹೋಲಿಸುತ್ತಾನೆ. ಆದರೆ ಬಾಲ್ಯವು ಅವನಿಗೆ ಅಪೂರ್ಣ ಪ್ರೌಢತೆಯಲ್ಲ. ಪ್ರತಿ ಯುಗಕ್ಕೂ ತನ್ನದೇ ಸುಖವಿದೆ, ತನ್ನದೇ ಸಾರ್ಥಕತೆಯಿದೆ. ಆದ್ದರಿಂದ ಇತಿಹಾಸಕಾರನು ಆ ಕಾಲದ ನೆಲ, ನುಡಿ, ನಂಬಿಕೆಗಳ ಒಳಹೊಕ್ಕು ಭಾವಿಸಬೇಕು. ಕಾವ್ಯಮೀಮಾಂಸೆಯನ್ನು ಓದಿದವರಿಗೆ ಇಲ್ಲಿ ಸಹೃದಯನ ನೆನಪಾಗುವುದು ಸಹಜ.

ಈ ತತ್ತ್ವವು ಕಾರ್ಯರೂಪಕ್ಕೆ ಬಂದುದು ಹಾಡುಗಳಲ್ಲಿ. 1778–79ರ ಅವನ ಸಂಕಲನದಲ್ಲಿ ಇಂಗ್ಲಿಷ್, ಸ್ಪ್ಯಾನಿಷ್ ಗೀತೆಗಳ ಪಕ್ಕದಲ್ಲಿಯೇ ಲಾಟ್ವಿಯನ್, ಎಸ್ಟೋನಿಯನ್ ರೈತರ ಗೀತೆಗಳು ಸ್ಥಾನ ಪಡೆದವು. ಇಂದು ನಾವು ಜಾನಪದವೆಂದು ಅಭ್ಯಸಿಸುವ ಶಾಸ್ತ್ರದ ಯುರೋಪಿನ ಮೂಲಗಳಲ್ಲಿ ಇದು ಮುಖ್ಯವಾದುದು.

ಆದರೆ ಎಲ್ಲ ಯುಗಗಳಿಗೂ ತಮ್ಮದೇ ಅಳತೆಯಿದ್ದರೆ ಅನ್ಯಾಯವನ್ನು ಅನ್ಯಾಯವೆನ್ನುವುದು ಹೇಗೆ? 1784ರಿಂದ 1791ರವರೆಗೆ ನಾಲ್ಕು ಭಾಗಗಳಲ್ಲಿ ಹೊರಬಂದ ಅವನ ಮಹಾಗ್ರಂಥವು ‘ಮಾನವತೆ’ ಎಂಬ ಆದರ್ಶವನ್ನು ಉತ್ತರವಾಗಿ ಮುಂದಿಡುತ್ತದೆ. ಇದರ ಮೊದಲ ಭಾಗಗಳನ್ನು 1785ರಲ್ಲಿ ವಿಮರ್ಶಿಸಿದ ಗುರು ಕಾಂಟನಿಗೆ, ತರ್ಕ ಇರಬೇಕಾದಲ್ಲಿ ರೂಪಕಗಳೇ ತುಂಬಿರುವಂತೆ ಕಂಡಿತು. ಆ ಆಕ್ಷೇಪವನ್ನು ತಳ್ಳಿಹಾಕಲಾಗದು. ಆದರೂ ಯುರೋಪಿನ ವಸಾಹತುಶಾಹಿಯನ್ನೂ ಗುಲಾಮಗಿರಿಯನ್ನೂ ಖಂಡಿಸಲು ಹೆರ್ಡರ್‌ಗೆ ಬಲ ಕೊಟ್ಟುದು ಆ ಆದರ್ಶವೇ.

ಮುಂದೆ ಉಗ್ರ ರಾಷ್ಟ್ರೀಯವಾದಿಗಳು ಅವನ ಹೆಸರನ್ನು ಬಳಸಿಕೊಂಡರು. ಆದರೆ ಭೂಮಿಯ ಮೇಲೆ ಯಾವ ಜನಾಂಗವೂ ವಿಶೇಷವಾಗಿ ಆಯ್ದುದಲ್ಲ ಎಂಬುದು ಅವನ ನಿಲುವು. ಸ್ವಂತ ನುಡಿಯ ಮೇಲಿನ ಪ್ರೀತಿಯು ನೆರೆಯವರ ನುಡಿಗೂ ಅದೇ ಗೌರವವನ್ನು ಸಲ್ಲಿಸಬೇಕೆಂಬ ಷರತ್ತು ಆ ನಿಲುವಿನಲ್ಲಿಯೇ ಅಡಗಿದೆ.