ನೈಲಾನಿನ ಮೈ, ಉಕ್ಕಿನ ನಳಿಗೆ

ಖಾನಾಪುರ ತಾಲೂಕಿನ ಕಣಕುಂಬಿ, ಜಾಂಬೋಟಿಗಳಲ್ಲಿ ಮಳೆ ಹಿಡಿಯಿತೆಂದರೆ ಮರದ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಎಣ್ಣೆ ಸವರದೆ ಬಿಟ್ಟ ಕುಡುಗೋಲಿಗೆ ನೋಡನೋಡುತ್ತ ತುಕ್ಕು ಹತ್ತುತ್ತದೆ. ಭೀಮಗಡ ಅಭಯಾರಣ್ಯದ ಅಂಚಿನಲ್ಲಿ ಬೆಳೆ ಕಾಯಲು ಲೈಸನ್ಸ್ ಬಂದೂಕು ಇಟ್ಟುಕೊಂಡವರಿಗೆ ಈ ತುಕ್ಕಿನ ಕಾಟ ಹೊಸದೇನಲ್ಲ. ಅಂಥವರಿಗೂ, ಆತ್ಮರಕ್ಷಣೆಗೆಂದು ಪಿಸ್ತೂಲಿನ ಲೈಸನ್ಸ್ ಪಡೆದ ಬೆಳಗಾವಿ ನಗರದವರಿಗೂ ಪಾಲಿಮರ್ ಪಿಸ್ತೂಲು ಎಂದರೆ ಆಸೆ ಹುಟ್ಟುವುದು ಸಹಜ. ಹಗುರ, ಚಿಕ್ಕದು, ತುಕ್ಕು ಹಿಡಿಯದು. ಜನ ಮೊದಲು ಕೇಳುವುದು ಪ್ಲಾಸ್ಟಿಕ್ ತಾಳುತ್ತದೆಯೇ ಎಂದು. ಅದಕ್ಕೆ ಉತ್ತರ ಸಿಕ್ಕಿ ನಲವತ್ತು ವರ್ಷ ಆಯಿತು. ಒಂದು ಪಿಸ್ತೂಲಿನ ಬಿಡಿಭಾಗ ಇನ್ನೊಂದಕ್ಕೆ ಕೂಡುತ್ತದೆಯೇ ಎಂಬುದು ಅದಕ್ಕಿಂತ ಗಟ್ಟಿ ಪ್ರಶ್ನೆ, ವಿಜ್ಞಾನವೂ ಅಲ್ಲೇ ಹೆಚ್ಚಾಗಿದೆ.

ಪಿಸ್ತೂಲಿನಲ್ಲಿ ಮುಖ್ಯವಾಗಿ ಮೂರು ಭಾಗ. ಕೈಯಲ್ಲಿ ಹಿಡಿಯುವ ಫ್ರೇಮ್, ಅದರ ಮೇಲೆ ಹಿಂದೆ ಮುಂದೆ ಜಾರುವ ಸ್ಲೈಡ್, ಒಳಗಿನ ನಳಿಗೆ ಅಂದರೆ ಬ್ಯಾರೆಲ್. ಪಾಲಿಮರ್ ಪಿಸ್ತೂಲಿನಲ್ಲೂ ಪಾಲಿಮರ್ ಆಗಿರುವುದು ಬಹುಮಟ್ಟಿಗೆ ಫ್ರೇಮ್ ಮಾತ್ರ. 9 ಮಿ.ಮೀ. ಗುಂಡು ಸಿಡಿದಾಗ ನಳಿಗೆಯೊಳಗೆ ಒತ್ತಡ ಸುಮಾರು 240 ಮೆಗಾಪ್ಯಾಸ್ಕಲ್‌ವರೆಗೆ ಏರಬಹುದು, ನಮ್ಮ ಸುತ್ತಲಿನ ಗಾಳಿಯ ಒತ್ತಡದ 2,300 ಪಟ್ಟಿಗೂ ಹೆಚ್ಚು. ಅದನ್ನು ತಡೆಯುವುದು ಉಕ್ಕಿನ ಕೆಲಸ. ಫ್ರೇಮ್ ಹೊರುವುದು ಹಿಂದೊದೆತದ ಪೆಟ್ಟನ್ನು, ಜೊತೆಗೆ ಎಲ್ಲ ಭಾಗಗಳನ್ನು ಅವುಗಳ ಜಾಗದಲ್ಲಿ ಹಿಡಿದಿಡುವ ಜವಾಬ್ದಾರಿಯನ್ನು.

ಈ ಫ್ರೇಮಿನ ಮೂಲವಸ್ತು ಹೆಚ್ಚಾಗಿ ನೈಲಾನ್ ಕುಟುಂಬದ್ದು. ಡ್ಯೂಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ವ್ಯಾಲೇಸ್ ಕರೋದರ್ಸ್ 1935ರಲ್ಲಿ ಮೊದಲ ನೈಲಾನ್ ತಯಾರಿಸಿದ. 1959ರಲ್ಲಿ ರೆಮಿಂಗ್ಟನ್ ಕಂಪನಿ ನೈಲಾನ್ ಮೈಯ ರೈಫಲ್ ಮಾರುಕಟ್ಟೆಗೆ ತಂದಿತು. 1970ರಲ್ಲಿ ಜರ್ಮನಿಯ ಹೆಕ್ಲರ್ ಅಂಡ್ ಕೋಖ್ ಪಾಲಿಮರ್ ಫ್ರೇಮಿನ ಪಿಸ್ತೂಲು ಮಾಡಿತು. ಜಗತ್ತು ತಿರುಗಿ ನೋಡಿದ್ದು 1982ರಲ್ಲಿ, ಪರದೆ ಸರಳು, ಚಾಕು ಮಾಡುತ್ತಿದ್ದ ಗ್ಯಾಸ್ಟನ್ ಗ್ಲಾಕ್ ಎಂಬ ಎಂಜಿನಿಯರನ ಪಿಸ್ತೂಲನ್ನು ಆಸ್ಟ್ರಿಯಾದ ಸೇನೆ ಒಪ್ಪಿಕೊಂಡಾಗ. ಅದೇ ಪಿಸ್ತೂಲಿನ ಚಿಕ್ಕ ರೂಪ, ಗ್ಲಾಕ್ 19, ಬಂದದ್ದು 1988ರಲ್ಲಿ. ನಮ್ಮಲ್ಲಿ ಇವು ಎನ್‌ಎಸ್‌ಜಿಯಂಥ ಪಡೆಗಳ ಕೈಯಲ್ಲಿವೆ. 9 ಮಿ.ಮೀ. ನಿಷೇಧಿತ ಬೋರ್ ಆದ್ದರಿಂದ ಸಾಮಾನ್ಯ ನಾಗರಿಕರಿಗೆ ಇವುಗಳ ಲೈಸನ್ಸ್ ಸಿಗುವುದಿಲ್ಲ.

ಬರೀ ನೈಲಾನ್ ಸಾಲದು. ಅದಕ್ಕೆ ಗಾಜಿನ ನಾರಿನ ಚೂರು ಬೆರೆಸುವುದು ರೂಢಿ. ನೂರಕ್ಕೆ ಮೂವತ್ತು ಪಾಲು ಗಾಜಿನ ನಾರು ಸೇರಿದ ನೈಲಾನಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.37 ಗ್ರಾಂ. ಉಕ್ಕಿನದು 7.85. ತೂಕ ಇಳಿಯುವ ಗುಟ್ಟು ಇದು. ಆದರೆ ಬಿಗಿತದಲ್ಲಿ ಎರಡಕ್ಕೂ ಹೋಲಿಕೆಯೇ ಇಲ್ಲ. ಉಕ್ಕಿನ ಬಿಗಿತ ಸುಮಾರು 200 ಗಿಗಾಪ್ಯಾಸ್ಕಲ್ ಆದರೆ, ಒಣಗಿದ ಗಾಜುನಾರಿನ ನೈಲಾನಿನದು 9–10. ಅಂದರೆ ಪ್ರತಿ ಹೊಡೆತಕ್ಕೂ ಫ್ರೇಮ್ ತುಸು ಬಾಗಿ ಮತ್ತೆ ಮೊದಲಿನಂತಾಗುತ್ತದೆ. ಆ ಬಾಗುವಿಕೆಯನ್ನು ಲೆಕ್ಕಕ್ಕೆ ಹಿಡಿದೇ ಪಿಸ್ತೂಲನ್ನು ರೂಪಿಸಿರುತ್ತಾರೆ. ಸ್ಲೈಡ್ ಜಾರುವ ಹಳಿಯನ್ನು ಮಾತ್ರ ಪಾಲಿಮರಿಗೆ ಬಿಡುವುದಿಲ್ಲ. ಗ್ಲಾಕ್‌ನಲ್ಲಿ ನಾಲ್ಕು ಚಿಕ್ಕ ಉಕ್ಕಿನ ತುಂಡುಗಳನ್ನು ಅಚ್ಚಿನಲ್ಲೇ ಫ್ರೇಮಿನೊಳಗೆ ಹೂತಿರುತ್ತಾರೆ, ಸ್ಲೈಡ್ ಓಡುವುದು ಅವುಗಳ ಮೇಲೆ.

ಇನ್ನು ಖಾನಾಪುರದ ಮಳೆಯ ವಿಷಯ. ನೈಲಾನ್ ನೀರು ಕುಡಿಯುತ್ತದೆ! ಅದರ ಉದ್ದನೆಯ ಅಣುಸರಪಳಿಗಳಲ್ಲಿ ಅಮೈಡ್ ಎಂಬ ಗುಂಪುಗಳಿವೆ. ಪಕ್ಕಪಕ್ಕದ ಸರಪಳಿಗಳನ್ನು ಅವು ಹೈಡ್ರೋಜನ್ ಬಂಧದಿಂದ ಹಿಡಿದಿರುತ್ತವೆ. ಗಾಳಿಯ ತೇವ ಒಳಸೇರಿದಾಗ ನೀರಿನ ಅಣು ಆ ಬಂಧದ ನಡುವೆ ತೂರಿಕೊಂಡು ಸರಪಳಿಗಳನ್ನು ಕೊಂಚ ಸಡಿಲಿಸುತ್ತದೆ. ಇದರಿಂದ ಒಳ್ಳೆಯದೂ ಇದೆ. ಪೂರ್ತಿ ಒಣಗಿದ ನೈಲಾನ್ ಪೆಡಸು, ಪೆಟ್ಟು ಬಿದ್ದರೆ ಬಿರಿಯಬಹುದು. ಒಂದಿಷ್ಟು ತೇವ ಕುಡಿದ ನೈಲಾನ್ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಆದರೆ ಬಿಗಿತ ಇಳಿಯುತ್ತದೆ, ಅಳತೆ ಬೆಳೆಯುತ್ತದೆ. ಗಾಜಿನ ನಾರಿಲ್ಲದ ನೈಲಾನ್ 6 ಸಾಧಾರಣ ಹವೆಯಲ್ಲಿ ತನ್ನ ತೂಕದ ಶೇ. 2.5ರಿಂದ 3ರಷ್ಟು ನೀರು ಹೀರಿ, ಉದ್ದದಲ್ಲಿ ಹತ್ತಿರಹತ್ತಿರ ಶೇ. 0.6ರಷ್ಟು ಹಿಗ್ಗುತ್ತದೆ. 100 ಮಿ.ಮೀ. ತುಂಡು ಅರ್ಧ ಮಿಲಿಮೀಟರಿಗೂ ಹೆಚ್ಚು ಬೆಳೆದಂತೆ. ನೀರಿನಲ್ಲೇ ಮುಳುಗಿಸಿಟ್ಟರೆ ಹೀರಿಕೆ ಶೇ. 9ರ ಆಸುಪಾಸಿಗೆ ಹೋಗುತ್ತದೆ. ಗಾಜಿನ ನಾರು ಈ ಹಿಗ್ಗುವಿಕೆಗೆ ಲಗಾಮು ಹಾಕುತ್ತದೆ, ಪೂರ್ತಿ ನಿಲ್ಲಿಸುವುದಿಲ್ಲ. ತುಕ್ಕಿನ ಚಿಂತೆಯೂ ಅರ್ಧವಷ್ಟೇ ತಪ್ಪಿತು. ಸ್ಲೈಡ್, ನಳಿಗೆ, ಸ್ಪ್ರಿಂಗ್, ಪಿನ್ನುಗಳೆಲ್ಲ ಉಕ್ಕಿನವೇ ಆದ್ದರಿಂದ ಜೂನ್ ಬಂದರೆ ಎಣ್ಣೆ ಬಟ್ಟೆ ಹಿಡಿಯಲೇಬೇಕು.

ಅರ್ಧ ಮಿಲಿಮೀಟರ್ ಹೆಚ್ಚೋ ಕಡಿಮೆಯೋ ಎಂದು ತಿಳಿಯಬೇಕಾದರೆ ಬೆಳಗಾವಿಯ ಉದ್ಯಮಬಾಗಕ್ಕೆ ಹೋಗಬೇಕು. ಎರಕದ ಕಾರ್ಖಾನೆಗಳಿಗೆ, ಹೈಡ್ರಾಲಿಕ್ ಪಂಪು, ವಾಲ್ವುಗಳಿಗೆ ಹೆಸರಾದ ಜಾಗ ಅದು. ಅಲ್ಲಿ ಲೇತಿನ ಮುಂದೆ ನಿಂತವರ ಮಾತೆಲ್ಲ ಮೈಕ್ರಾನಿನಲ್ಲಿ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಲ್ಲಿ. ಅವರ ಕೈಯಲ್ಲೊಂದು ಚಿಕ್ಕ ಉಕ್ಕಿನ ಕಡ್ಡಿ ಇರುತ್ತದೆ, ಪ್ಲಗ್ ಗೇಜ್. ಒಂದು ತುದಿ ‘ಗೋ’, ಇನ್ನೊಂದು ‘ನೋ ಗೋ’. ಗೋ ತುದಿ ರಂಧ್ರದೊಳಗೆ ತನ್ನ ಭಾರಕ್ಕೇ ಇಳಿಯಬೇಕು, ನೋ ಗೋ ತುದಿ ಬಾಯಲ್ಲೇ ನಿಲ್ಲಬೇಕು. ಎರಡೂ ಇಳಿದರೆ ರಂಧ್ರ ದೊಡ್ಡದಾಯಿತು, ಎರಡೂ ನಿಂತರೆ ಚಿಕ್ಕದಾಯಿತು. ಎಚ್7 ಎಂಬ ದರ್ಜೆಯ 20 ಮಿ.ಮೀ. ರಂಧ್ರ 20.000ದಿಂದ 20.021ರ ಒಳಗಿರಬೇಕು. ಅದರಲ್ಲಿ ಜಾರುವ ಜಿ6 ದರ್ಜೆಯ ದಂಡ 19.980ರಿಂದ 19.993ರ ಒಳಗೆ. ನಡುವಿನ ಸಂದು ಕನಿಷ್ಠ 7 ಮೈಕ್ರಾನ್, ಗರಿಷ್ಠ 41. ಈ ಮಿತಿಯೊಳಗೆ ಯಾರೇ ಮಾಡಿದ ದಂಡ ಯಾರೇ ಕೊರೆದ ರಂಧ್ರಕ್ಕೆ ಕೂಡುತ್ತದೆ. ಬಿಡಿಭಾಗದ ಹೊಂದಾಣಿಕೆ ನಿಂತಿರುವುದು ಇಷ್ಟರ ಮೇಲೆಯೇ.

ಈ ಹೊಂದಾಣಿಕೆ ಹುಟ್ಟಿದ್ದೂ ಬಂದೂಕಿನಿಂದಲೇ. 1785ರಲ್ಲಿ ಪ್ಯಾರಿಸ್ಸಿನಲ್ಲಿ ಒನೊರೆ ಬ್ಲಾಂಕ್ ಎಂಬ ಕುಶಲಕರ್ಮಿ ಹಲವು ಬಂದೂಕಿನ ಕೀಲುಗಳನ್ನು ಬಿಚ್ಚಿ ಒಟ್ಟಿಗೆ ಬೆರೆಸಿ, ಕೈಗೆ ಸಿಕ್ಕ ಭಾಗಗಳನ್ನು ಜೋಡಿಸಿ ಹೊಸ ಕೀಲು ಮಾಡಿ ತೋರಿಸಿದ್ದ. ಅದನ್ನು ಕಂಡು ಬೆರಗಾದ ಥಾಮಸ್ ಜೆಫರ್ಸನ್ ಆಗ ಅಲ್ಲಿ ಅಮೆರಿಕದ ರಾಯಭಾರಿ. ಅಲ್ಲಿಯವರೆಗೆ ಒಂದೊಂದು ಬಂದೂಕಿನ ಭಾಗವನ್ನೂ ಅರದಿಂದ ಉಜ್ಜಿ ಅದಕ್ಕಷ್ಟೇ ಹೊಂದಿಸುತ್ತಿದ್ದರು. ಹೊಲಿಗೆ ಯಂತ್ರ, ಸೈಕಲ್, ಕಾರು ಎಲ್ಲವೂ ಆಮೇಲೆ ಇದೇ ದಾರಿ ಹಿಡಿದವು.

ಪಾಲಿಮರಿನಲ್ಲಿ ಈ ಶಿಸ್ತು ಇನ್ನೂ ಕಷ್ಟ. ಖಾನಾಪುರದ ಕುಂಬಾರಿಕೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಸಿ ಜೇಡಿಮಣ್ಣಿನ ಹಂಚು ಒಣಗುವಾಗ, ಸುಡುವಾಗ ಕುಗ್ಗುತ್ತದೆ. ಅಚ್ಚನ್ನು ಮೊದಲೇ ಅಷ್ಟು ದೊಡ್ಡದಾಗಿ ಮಾಡದಿದ್ದರೆ ಹಂಚಿಗೆ ಹಂಚು ಕೂಡುವುದಿಲ್ಲ. ಅಚ್ಚಿನಲ್ಲಿ ತಣ್ಣಗಾಗುವ ನೈಲಾನೂ ಹೀಗೆಯೇ ಶೇ. 1ರಿಂದ 2ರಷ್ಟು ಕುಗ್ಗುತ್ತದೆ. ಗಾಜಿನ ನಾರು ಸೇರಿದರೆ ಕುಗ್ಗುವುದು ಕಡಿಮೆ, ಆದರೆ ಎಲ್ಲ ದಿಕ್ಕಿಗೂ ಒಂದೇ ಸಮವಲ್ಲ. ಕರಗಿದ ಪಾಲಿಮರ್ ಹರಿದ ದಿಕ್ಕಿನಲ್ಲಿ ಒಂದು ಲೆಕ್ಕ, ಅಡ್ಡದಿಕ್ಕಿನಲ್ಲಿ ಇನ್ನೊಂದು. ಅಚ್ಚಿಗೆ ಪಾಲಿಮರ್ ಒಳಬಿಡುವ ಬಾಯಿ ಬೇರೆ ಕಡೆ ಇದ್ದರೂ ಅಳತೆ ಬದಲಾಗುತ್ತದೆ. ಹಾಗಾಗಿ ಎರಡು ಕಂಪನಿಗಳು ಒಂದೇ ನಕ್ಷೆ ಹಿಡಿದು ಮಾಡಿದ ಫ್ರೇಮುಗಳೂ ಹುಬೇಹೂಬು ಒಂದೇ ಆಗಿರುವುದಿಲ್ಲ. ‘ಇಂಥ ಪಿಸ್ತೂಲಿಗೆ ಕೂಡುತ್ತದೆ’ ಎಂದು ಡಬ್ಬಿಯ ಮೇಲೆ ಬರೆದ ಮಾತನ್ನು ನಾನು ಒಪ್ಪದಿರುವುದು ಈ ಕಾರಣಕ್ಕೆ.

ಸಣ್ಣ ತಪ್ಪುಗಳು ಕೂಡುತ್ತ ಹೋಗುವುದೂ ಉಂಟು. ಐದು ಭಾಗ ಒಂದರ ಹಿಂದೊಂದು ಕೂಡುವಲ್ಲಿ ಪ್ರತಿಯೊಂದರ ಅಳತೆಯೂ 0.05 ಮಿ.ಮೀ. ಆಚೀಚೆ ಆಗಬಹುದು ಎಂದಿಟ್ಟುಕೊಳ್ಳಿ. ಎಲ್ಲ ತಪ್ಪೂ ಒಂದೇ ಕಡೆಗೆ ವಾಲಿದರೆ ಒಟ್ಟು 0.25 ಮಿ.ಮೀ. ಕೈಯಲ್ಲಿ ಸ್ಲೈಡ್ ಎಳೆದರೆ ಎಲ್ಲವೂ ಸರಾಗ ಅನ್ನಿಸುತ್ತದೆ. ಆದರೆ ಗುಂಡು ಸಿಡಿಯುವ ಕ್ಷಣದಲ್ಲಿ ನಳಿಗೆಯ ಹಿಂಬದಿ ಪೂರ್ತಿ ಮುಚ್ಚಿದೆಯೇ, ಕೈ ಜಾರಿ ಬಿದ್ದಾಗ ಸಿಡಿಯದಂತೆ ತಡೆಯುವ ಕೀಲು ತನ್ನ ಜಾಗದಲ್ಲಿದೆಯೇ ಎಂಬುದು ಕೈಗೆ ತಿಳಿಯುವುದಿಲ್ಲ. ತಿಳಿಯುವುದು ಗೇಜಿಗೆ ಮಾತ್ರ. ಅದೇ ಹೆಸರಿನ ಪಿಸ್ತೂಲಾದರೂ ತಲೆಮಾರು ಬೇರೆಯಾದರೆ ಭಾಗ ಬೇರೆ. ಗ್ಲಾಕ್ 2010ರಲ್ಲಿ ನಾಲ್ಕನೇ ತಲೆಮಾರು ತಂದಾಗ ಸ್ಲೈಡನ್ನು ಮುಂದೆ ತಳ್ಳುವ ಸ್ಪ್ರಿಂಗಿನ ಜೋಡಣೆಯನ್ನೇ ಬದಲಿಸಿತು, ಮರುವರ್ಷ ಆ ಸ್ಪ್ರಿಂಗನ್ನು ಗ್ರಾಹಕರಿಗೆ ಬದಲಾಯಿಸಿಯೂ ಕೊಟ್ಟಿತು.

ನಮ್ಮ ಜನ ಎಚ್ಚರ ವಹಿಸಬೇಕಾದ ಇನ್ನೊಂದು ಜಾಗ .32 ಬೋರ್. ನಾಗರಿಕರಿಗೆ ಸಿಗುವುದು ಹೆಚ್ಚಾಗಿ ಇದೇ. ಅಶನಿಯಂಥ ಪಿಸ್ತೂಲೂ .32, ಕಾನ್ಪುರದ ನಿರ್ಭೀಕ್ ರಿವಾಲ್ವರೂ .32. ಆದರೆ ಎರಡರ ಕಾಡತೂಸು ಬೇರೆ ಬೇರೆ. ಪಿಸ್ತೂಲಿನದು 17 ಮಿ.ಮೀ. ಉದ್ದದ ಕೋಶ, ಜಾನ್ ಬ್ರೌನಿಂಗ್ ರೂಪಿಸಿದ್ದು. ರಿವಾಲ್ವರಿನದು 23 ಮಿ.ಮೀ. ಉದ್ದದ್ದು. ಪಿಸ್ತೂಲಿನ ಕಾಡತೂಸಿನ ಗರಿಷ್ಠ ಒತ್ತಡ ಸುಮಾರು 140 ಮೆಗಾಪ್ಯಾಸ್ಕಲ್, ರಿವಾಲ್ವರಿನದು ಸುಮಾರು 103. ಚಿಕ್ಕದು ದೊಡ್ಡದರ ಗೂಡಿಗೆ ಇಳಿಯಿತೆಂದ ಮಾತ್ರಕ್ಕೆ ಅದು ಸರಿಯಾದ ಜೋಡಿಯಲ್ಲ, ಅಪಾಯ. ಕೊಳ್ಳುವಾಗ ಬೋರಿನ ಅಂಕಿಯ ಜೊತೆ ಕಾಡತೂಸಿನ ಪೂರ್ತಿ ಹೆಸರನ್ನೂ ನಳಿಗೆಯ ಮೇಲೆ, ಡಬ್ಬಿಯ ಮೇಲೆ ಓದಿ ತಾಳೆ ನೋಡಬೇಕು.

ಕೊಳ್ಳುವ ದಾರಿ ಒಂದೇ. ಲೈಸನ್ಸ್ ಕೊಡುವ ಅಧಿಕಾರಿಗೆ ಅರ್ಜಿ, ಪೊಲೀಸ್ ವರದಿ, ವೈದ್ಯಕೀಯ ಪ್ರಮಾಣಪತ್ರ, ಸುರಕ್ಷತಾ ತರಬೇತಿ, ಆಮೇಲೆ ಅಧಿಕೃತ ಮಾರಾಟಗಾರ ಅಥವಾ ಕಾರ್ಖಾನೆ. ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿಯ ನಂತರ ಸಾಮಾನ್ಯ ನಾಗರಿಕರೊಬ್ಬರು ಇಟ್ಟುಕೊಳ್ಳಬಹುದಾದದ್ದು ಎರಡೇ ಬಂದೂಕು, ಲೈಸನ್ಸಿನ ಅವಧಿ ಐದು ವರ್ಷ. 1959ರ ಶಸ್ತ್ರಾಸ್ತ್ರ ಕಾಯ್ದೆ ಬಿಡಿಭಾಗವನ್ನೂ ಶಸ್ತ್ರವೆಂದೇ ಎಣಿಸುತ್ತದೆ. ದುರಸ್ತಿ, ಮಾರ್ಪಾಟು, ಪರೀಕ್ಷೆಯನ್ನು ವ್ಯವಹಾರವಾಗಿ ಮಾಡಲಿಕ್ಕೂ ಬೇರೆ ಲೈಸನ್ಸ್ ಬೇಕು. ಮೈಕ್ರಾನ್ ಲೆಕ್ಕದಲ್ಲಿ ಕೆಲಸ ಮಾಡುವ ಕೈಗಳು ಬೆಳಗಾವಿಯಲ್ಲಿ ಎಷ್ಟೇ ಇರಲಿ, ‘ಒಂದು ಪಿನ್ನು ಮಾಡಿಕೊಡಿ’ ಎಂದು ಲೇತಿನವರ ಬಳಿ ಹೋಗುವುದು ಅವರನ್ನೂ ಕಷ್ಟಕ್ಕೆ ಸಿಕ್ಕಿಸಿದಂತೆ.

ಅಂಗಡಿಯಲ್ಲಿ ಪಿಸ್ತೂಲು ಕೈಗೆ ಬಂದಾಗ ಮೊದಲು ಅದು ಖಾಲಿಯಿದೆಯೆಂದು ಖಚಿತ ಮಾಡಿಕೊಂಡು ನಂಬರು ನೋಡಿ. ಪಾಲಿಮರ್ ಫ್ರೇಮಿನಲ್ಲಿ ಅದು ಹೂತಿಟ್ಟ ಚಿಕ್ಕ ಲೋಹದ ಪಟ್ಟಿಯ ಮೇಲಿರುತ್ತದೆ. ಸ್ಲೈಡಿನ, ನಳಿಗೆಯ ಮೇಲೂ ನಂಬರಿದ್ದರೆ ಎಲ್ಲವೂ ತಾಳೆಯಾಗಬೇಕು. ಹಳೆಯದನ್ನು ಕೊಳ್ಳುವಾಗ ಉಕ್ಕಿನ ಹಳಿ ಪಾಲಿಮರಿನಲ್ಲಿ ಹೂತ ಜಾಗದ ಸುತ್ತ, ಪಿನ್ನಿನ ರಂಧ್ರಗಳ ಸುತ್ತ ಕೂದಲೆಳೆಯ ಬಿರುಕು ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಉಕ್ಕಿನ ಫ್ರೇಮಿನ ಬಿರುಕಿಗೆ ಕೆಲವೊಮ್ಮೆ ಬೆಸುಗೆಯಾದರೂ ಸಾಧ್ಯ. ಗಾಜುನಾರಿನ ನೈಲಾನಿನಲ್ಲಿ ಬಿರುಕು ಬಿಟ್ಟ ಕಡೆ ನಾರುಗಳೇ ಕಡಿದಿರುತ್ತವೆ. ಅಂಟು ಹಾಕಿದರೆ ಮೇಲ್ಮೈ ಮುಚ್ಚುತ್ತದೆ, ಕಡಿದ ನಾರು ಕೂಡುವುದಿಲ್ಲ. ಆ ಫ್ರೇಮನ್ನು ತಯಾರಕರಿಗೆ ಕಳಿಸಬೇಕು. ಬದಲಿ ಫ್ರೇಮ್ ಬಂದರೆ ಅದರ ನಂಬರು ಲೈಸನ್ಸ್ ಪುಸ್ತಕದಲ್ಲಿ ದಾಖಲಾಗುವವರೆಗೆ ಪಿಸ್ತೂಲು ಮನೆಗೆ ತರುವಂತಿಲ್ಲ.