ರಕ್ತ ಒಸರುವ ವ್ರಣದ ಶುಶ್ರೂಷೆ

ಬಾಯಿಯ ಅಥವಾ ಸ್ತನದ ಕ್ಯಾನ್ಸರ್ ಬಲಿತು ಚರ್ಮವನ್ನು ಭೇದಿಸಿ ಹೊರಬಂದಾಗ ಉಂಟಾಗುವ ವ್ರಣದಲ್ಲಿ, ನೋವು ದುರ್ಗಂಧಗಳಿಗಿಂತಲೂ ಮಿಗಿಲಾಗಿ ಮನೆಮಂದಿಯ ಧೈರ್ಯವನ್ನು ಕುಗ್ಗಿಸತಕ್ಕದ್ದು ಬಟ್ಟೆಯನ್ನು ತೋಯಿಸುವ ರಕ್ತ. ಗಡ್ಡೆಯು ತನ್ನ ಪೋಷಣೆಗೆಂದು ಬೆಳೆಸಿಕೊಂಡ ರಕ್ತನಾಳಗಳು ದುರ್ಬಲವೂ ಅಸ್ತವ್ಯಸ್ತವೂ ಆಗಿರುವುದರಿಂದ ಅಲ್ಪ ಘರ್ಷಣೆಗೂ ಒಡೆಯುತ್ತವೆ. ಆ ಘರ್ಷಣೆಯಾದರೂ ಎಷ್ಟೋ ಸಲ ನಮ್ಮ ಕೈಯಿಂದಲೇ, ಒಣಗಿ ಅಂಟಿಕೊಂಡ ಪಟ್ಟಿಯನ್ನು ಅವಸರದಿಂದ ಕೀಳುವಾಗಲೇ ಸಂಭವಿಸುತ್ತದೆಂಬುದನ್ನು ಶುಶ್ರೂಷೆಗೆ ನಿಂತವರೆಲ್ಲರೂ ಅರಿತಿರಬೇಕು.

ಆದಕಾರಣ ಔಷಧಕ್ಕಿಂತ ಮೊದಲು ಬೇಕಾದದ್ದು ತಾಳ್ಮೆ. ಸಲೈನ್ ಹನಿಸಿ ಪಟ್ಟಿಯನ್ನು ಚೆನ್ನಾಗಿ ನೆನೆಯಿಸಿ, ಅದು ತಾನಾಗಿ ಸಡಿಲಗೊಂಡ ಮೇಲೆ ಮೆಲ್ಲನೆ ಬಿಡಿಸಿ, ಉಜ್ಜದೆ ತೊಳೆದು, ವ್ಯಾಸಲೀನ್ ಸವರಿದ ಗಾಜ್ ಬಟ್ಟೆಯನ್ನು ಹೊದಿಸುವುದು ಉತ್ತಮ. ಇಷ್ಟಾಗಿಯೂ ರಕ್ತ ಜಿನುಗಿದರೆ, ಶುಭ್ರವಾದ ಗಾಜ್ ಬಟ್ಟೆಯನ್ನಿಟ್ಟು, ನಡುನಡುವೆ ಎತ್ತಿ ನೋಡುವ ಆತುರವನ್ನು ಅದುಮಿಕೊಂಡು, 10ರಿಂದ 15 ನಿಮಿಷ ಒತ್ತಿಹಿಡಿದರೆ ಸಣ್ಣ ಸ್ರಾವ ಸಾಮಾನ್ಯವಾಗಿ ನಿಲ್ಲುತ್ತದೆ.

ನಿಲ್ಲದಿದ್ದಲ್ಲಿ ವೈದ್ಯರು ಸೂಚಿಸುವ ಔಷಧಗಳಲ್ಲಿ ಟ್ರಾನೆಕ್ಸಾಮಿಕ್ ಆಮ್ಲ ಮುಖ್ಯವಾದುದು. ಪ್ರಸವಾನಂತರದ ರಕ್ತಸ್ರಾವದಿಂದ ತಾಯಂದಿರು ಸಾಯುವುದನ್ನು ತಪ್ಪಿಸಬೇಕೆಂಬ ಹಂಬಲದಿಂದ ದುಡಿದ ಜಪಾನಿನ ಉಟಾಕೊ ಒಕಾಮೊಟೊ ಮತ್ತು ಅವರ ಪತಿ ಶೊಸುಕೆ 1962ರಲ್ಲಿ ಲೋಕಕ್ಕೆ ತಿಳಿಸಿದ ಈ ಔಷಧವು, ಹೆಪ್ಪುಗಟ್ಟಿದ ರಕ್ತವನ್ನು ಹಿಡಿದಿಡುವ ಫೈಬ್ರಿನ್ ಎಳೆಗಳು ಕರಗದಂತೆ ಕಾಯುತ್ತದೆ. 5 ಮಿ.ಲೀ.ನಲ್ಲಿ 500 ಮಿ.ಗ್ರಾಂ. ಇರುವ ಅದರ ಇಂಜೆಕ್ಷನ್ ದ್ರವದಲ್ಲಿ ಗಾಜ್ ಬಟ್ಟೆಯನ್ನು ನೆನೆಸಿ ವ್ರಣದ ಮೇಲೆ ಒತ್ತಿಹಿಡಿಯುತ್ತಾರೆ. ಮಾತ್ರೆಯನ್ನು ಪುಡಿಮಾಡಿ ಉದುರಿಸುವುದೂ ಉಂಟು. ಹೊಟ್ಟೆಯ ಹುಣ್ಣಿಗೆ ಕೊಡುವ ಸುಕ್ರಾಲ್ಫೇಟ್‌ನ ಲೇಪವನ್ನೂ, ಕಡಲ ಪಾಚಿಯಿಂದ ಸಿದ್ಧವಾಗುವ ಆಲ್ಜಿನೇಟ್ ಪಟ್ಟಿಯನ್ನೂ ಬಳಸುತ್ತಾರೆ. ಈ ಪಟ್ಟಿ ಬಿಟ್ಟುಕೊಡುವ ಕ್ಯಾಲ್ಸಿಯಂ ರಕ್ತ ಹೆಪ್ಪುಗಟ್ಟಲು ನೆರವಾಗುತ್ತದೆ. ಅಡ್ರಿನಲಿನ್ ಮಾತ್ರ ಎಚ್ಚರಿಕೆಯ ವಸ್ತು: ರಕ್ತನಾಳಗಳನ್ನು ಕುಗ್ಗಿಸಿ ಅದು ರಕ್ತವನ್ನು ಥಟ್ಟನೆ ತಡೆಯುತ್ತದಾದರೂ, ಪ್ರಭಾವ ಇಳಿದೊಡನೆ ಸ್ರಾವ ಮರುಕಳಿಸಬಹುದು, ಪದೇಪದೇ ಬಳಸಿದರೆ ಅಂಗಾಂಶವೇ ಸಾಯಬಹುದು. ಇವುಗಳಲ್ಲಿ ಯಾವುದು ಮೇಲೆಂದು ತೂಗಿನೋಡಿದ ದೊಡ್ಡ ಪ್ರಯೋಗಗಳು ವಿರಳವಾದ್ದರಿಂದ, ಇಲ್ಲಿನ ತಿಳಿವಳಿಕೆ ಬಹುಪಾಲು ಶುಶ್ರೂಷಕರ ಅನುಭವದಿಂದಲೇ ಬಂದುದು. ಮತ್ತೆ ಮತ್ತೆ ಒಸರುವ ವ್ರಣಕ್ಕೆ ಕೆಲವೇ ಸಲದ ವಿಕಿರಣ ಚಿಕಿತ್ಸೆ ಹೆಚ್ಚು ಕಾಲದ ಉಪಶಮನ ಕೊಡಬಲ್ಲದು.

ದೊಡ್ಡ ರಕ್ತನಾಳದ ಸಮೀಪ ವ್ರಣವಿದ್ದರೆ ಹಠಾತ್ತನೆ ಮಹಾಸ್ರಾವವಾಗುವ ಸಂಭವವನ್ನು ಮನೆಯವರಿಂದ ಮುಚ್ಚಿಡುವುದು ದಯೆಯಲ್ಲ. ಅಂಥ ಗಳಿಗೆಗಾಗಿ ಗಾಢವರ್ಣದ ಟವಲುಗಳನ್ನು ಹಾಸಿಗೆಯ ಬಳಿಯಲ್ಲೇ ಇರಿಸಿಕೊಂಡರೆ, ರಕ್ತದ ಕೆಂಪು ಕಣ್ಣಿಗೆ ಹೊಡೆಯದೆ ರೋಗಿಯ ಭೀತಿ ಕೊಂಚವಾದರೂ ತಗ್ಗುತ್ತದೆ.

ಆಸ್ಪತ್ರೆಯಿಂದ ರೋಗಿಯನ್ನು ಮನೆಗೆ ಕರೆತರುವ ಮುನ್ನ, ಪಟ್ಟಿ ಬಿಡಿಸುವ ಕ್ರಮವನ್ನು ತಮ್ಮ ಕಣ್ಣೆದುರೇ ಒಮ್ಮೆ ತೋರಿಸಿಕೊಡುವಂತೆ ನರ್ಸಮ್ಮನವರನ್ನು ಓದುಗರು ಸಂಕೋಚವಿಲ್ಲದೆ ಕೇಳಬೇಕು.