ಗಣಕಯಂತ್ರದ ಪಹಣಿ: ಬೆಳೆಗಾರರು ತಿಳಿದಿರಬೇಕಾದುದು

ಸಾಲದ ಅರ್ಜಿಯಿರಲಿ, ಬೆಳೆ ವಿಮೆಯಿರಲಿ, ನಮ್ಮಲ್ಲಿ ಮೊದಲು ಕೇಳುವುದು ಪಹಣಿಯನ್ನು, ಅಂದರೆ ಆರ್.ಟಿ.ಸಿ.ಯನ್ನು. ಮದ್ರಾಸು ಆಡಳಿತದ ರೂಢಿಯಂತೆ ನಮ್ಮ ಹಿರಿಯರು ಅಡಂಗಲ್ ಎನ್ನುತ್ತಿದ್ದುದೂ ಇಂಥದೇ ದಾಖಲೆಯನ್ನು. ಇಂದು ಯಂತ್ರದಿಂದ ಕ್ಷಣದಲ್ಲಿ ದೊರೆಯುವ ಈ ಹಾಳೆಯನ್ನು ಎಷ್ಟು ನಂಬಬಹುದು, ಎಲ್ಲಿ ಎಚ್ಚರ ಬೇಕು ಎಂಬುದನ್ನು ಬಂಧುಗಳ ಗಮನಕ್ಕೆ ತರಬಯಸುತ್ತೇವೆ.

ಹಿಂದೆ ಪಹಣಿ ಇದ್ದುದು ಗ್ರಾಮಕರಣಿಕರ ಕೈಬರಹದ ಪುಸ್ತಕದಲ್ಲಿ. ರಾಜ್ಯದಲ್ಲಿ ಇಂಥವರು ಸುಮಾರು 9,000 ಮಂದಿ. ಒಬ್ಬರಿಗೆ ಕೆಲವು ಗ್ರಾಮಗಳು. ಅವರು ಸಿಕ್ಕಿದಾಗಲೇ ಪ್ರತಿ ಸಿಗುವುದು. ಪುಸ್ತಕ ಅವರ ವಶದಲ್ಲೇ ಇರುತ್ತಿದ್ದುದರಿಂದ, ಅಕ್ಷರವೊಂದು ಬದಲಾದರೂ ಹೊರಗಿನವರಿಗೆ ಗೊತ್ತಾಗುವುದು ಕಷ್ಟವಿತ್ತು.

1991ರಲ್ಲಿ ಗುಲ್ಬರ್ಗ ಜಿಲ್ಲೆಯಲ್ಲಿ ಭೂದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸುವ ಪ್ರಯೋಗ ನಡೆಯಿತು. 1996ರ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಮಂಜೂರಾತಿ ದೊರೆತಿತ್ತು. ಆದರೆ ತಾಲೂಕು ಕಚೇರಿಗಳಲ್ಲಿ ಯಂತ್ರವಿರಿಸುವ ಏರ್ಪಾಡಿರಲಿಲ್ಲ. ಹಕ್ಕು ಬದಲಾವಣೆಯ ಕೆಲಸವಾಗುವುದೋ ತಾಲೂಕಿನಲ್ಲಿ. ಹೀಗಾಗಿ ಕೈಪುಸ್ತಕ ಮುಂದೆ ಸಾಗಿತು, ಯಂತ್ರದ ದಾಖಲೆ ಹಳತಾಗಿಯೇ ಉಳಿಯಿತು. ಯಂತ್ರವಿದ್ದೂ ಕೃಷಿಕನಿಗೆ ಪ್ರಯೋಜನವಾಗಲಿಲ್ಲ.

ಈ ಪಾಠ ಕಲಿತ ಮೇಲೆ ಬಂದುದೇ ‘ಭೂಮಿ’ ಯೋಜನೆ. ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ, 2000ದ ಆಸುಪಾಸಿನಲ್ಲಿ, ಸುಮಾರು 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳು ಯಂತ್ರವನ್ನು ಸೇರಿದವು. ತಾಲೂಕು ಕಚೇರಿಯಲ್ಲೇ ಕಿಟಕಿ ತೆರೆದು, ಆರಂಭದಲ್ಲಿ 15 ರೂಪಾಯಿಗೆ ಪ್ರತಿ ಕೊಡಲಾಯಿತು. ಅದಕ್ಕಿಂತ ಮುಖ್ಯವಾಗಿ, ಕೈಬರಹದ ಪಹಣಿಯ ಮಾನ್ಯತೆಯನ್ನೇ ರದ್ದುಪಡಿಸಲಾಯಿತು. ಹಕ್ಕು ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗಬೇಕು. ತಿದ್ದುವ ನೌಕರನು ಬೆರಳಚ್ಚು ಕೊಟ್ಟೇ ಒಳಹೋಗಬೇಕು. ಯಾರು ತಿದ್ದಿದರೆಂಬುದಕ್ಕೆ ಗುರುತು ಉಳಿಯಿತು.

ಇಷ್ಟಾದರೂ ಯಂತ್ರವು ತಾನಾಗಿ ಅಳತೆ ಮಾಡದು, ವಾರಸುದಾರರನ್ನು ಹುಡುಕದು. ಹಳೆಯ ಪುಸ್ತಕದ ತಪ್ಪು ಹೊಸ ಹಾಳೆಯಲ್ಲಿ ಅಚ್ಚುಕಟ್ಟಾಗಿ ಮುದ್ರಿತವಾಗುತ್ತದೆ, ಅಷ್ಟೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ 1974ರ ಭೂಸುಧಾರಣೆಯಿಂದ ಒಡೆತನ ಪಡೆದ ಕುಟುಂಬಗಳು ಬಹಳ. ಒಂದೇ ಸರ್ವೆ ನಂಬರಿನಲ್ಲಿ ಹಲವರ ಹೆಸರಿದ್ದು, ಪ್ಲಾಟಿಂಗ್ ಆಗದೆ ಉಳಿದ ಜಾಗಗಳಿವೆ. ಅಜ್ಜ ತೀರಿಕೊಂಡು ವರ್ಷಗಳೇ ಕಳೆದರೂ ಪಹಣಿಯಲ್ಲಿ ಅಜ್ಜನ ಹೆಸರೇ ಇರುವುದುಂಟು. ಇವನ್ನು ಸರಿಪಡಿಸಲು ಭೂಮಾಪಕರೇ ಜಾಗಕ್ಕೆ ಬರಬೇಕು, ಮನೆಯವರೇ ಒಟ್ಟು ಕೂರಬೇಕು.

ಬೆಳೆಯ ವಿಚಾರವೂ ಹೀಗೆಯೇ. 2020ರಿಂದ ಕೃಷಿಕರೇ ಮೊಬೈಲಿನಲ್ಲಿ ಚಿತ್ರ ತೆಗೆದು ಬೆಳೆ ಸಮೀಕ್ಷೆಯ ವಿವರ ಸೇರಿಸಲು ಅವಕಾಶವಾಯಿತು. ಅಡಿಕೆ ತೋಟವೆಂದು ಬರೆದು, ಮರಕ್ಕೆ ಹಬ್ಬಿದ ಕಾಳುಮೆಣಸನ್ನೋ ನಡುವೆ ನೆಟ್ಟ ಕಾಫಿಯನ್ನೋ ಬಿಟ್ಟರೆ ದಾಖಲೆಯಲ್ಲಿ ಅವು ಇಲ್ಲವೆಂದೇ ಅರ್ಥ. ಹವಾಮಾನ ಆಧಾರಿತ ವಿಮೆಗೆ ಕಂತು ಕಟ್ಟಿದ ಬೆಳೆಯೂ ಸಮೀಕ್ಷೆಯ ಬೆಳೆಯೂ ತಾಳೆಯಾಗದಿದ್ದರೆ ಪರಿಹಾರಕ್ಕೆ ಅಡ್ಡಿ ಬರುತ್ತದೆ.

ಆದುದರಿಂದ ವರ್ಷಕ್ಕೊಮ್ಮೆ, ವಿಮಾ ಕಂತು ಕಟ್ಟುವ ಮೊದಲೇ, ಪಹಣಿ ತೆಗೆದು ನಾಲ್ಕು ಕಾಲಂಗಳನ್ನು ಓದಿ ನೋಡಿರಿ. 3ರಲ್ಲಿ ವಿಸ್ತೀರ್ಣ, 9ರಲ್ಲಿ ಒಡೆಯರ ಹೆಸರು, 11ರಲ್ಲಿ ಸಾಲದ ಹೊರೆ, 12ರಲ್ಲಿ ಬೆಳೆ. ತೀರಿಸಿದ ಸಾಲ ಇನ್ನೂ ಕಾಣುತ್ತಿದ್ದರೆ ಋಣಮುಕ್ತ ಪತ್ರ ಪಡೆದು ತೆಗೆಸಿರಿ. ತಪ್ಪಿದ್ದಲ್ಲಿ ತಾಲೂಕು ಕಚೇರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಲು ಮರೆಯದಿರಿ. ತೋಟ ನಮ್ಮದು; ಅದರ ಕಾಗದವನ್ನು ಓದುವ ಹೊಣೆಯೂ ನಮ್ಮದೇ.